ಹಳೆಯ ಗಣಕಯಂತ್ರದಲ್ಲಿ ಹೊಸ ವ್ಯವಸ್ಥೆ

2025ನೆಯ ಇಸವಿ ಅಕ್ಟೋಬರ್ 14ರಂದು, ವಿಂಡೋಸ್ 10 ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ ಮುಗಿಯಿತು. ಮರುದಿನವೂ ಆ ಗಣಕಯಂತ್ರಗಳು ಎಂದಿನಂತೆಯೇ ಕೆಲಸ ಮಾಡಿದವು. ಅವುಗಳೊಳಗಿನ ಒಂದು ತಂತಿಯೂ ಸವೆದಿರಲಿಲ್ಲ. ಆದರೆ ಹೆಸರು ನೋಂದಾಯಿಸಿ ಇನ್ನೊಂದು ವರ್ಷದ ಅವಧಿಯನ್ನು ಪಡೆದವರನ್ನು ಬಿಟ್ಟರೆ, ಉಳಿದವರ ಯಂತ್ರಗಳಲ್ಲಿ ಹೊಸದಾಗಿ ಕಂಡುಬರುವ ಲೋಪಗಳನ್ನು ತಿದ್ದುವವರು ಇಲ್ಲದಂತಾಯಿತು. ವಿಂಡೋಸ್ 11ನ್ನು ಹಾಕೋಣವೆಂದರೆ, ಸುಮಾರಾಗಿ 2017ಕ್ಕಿಂತ ಹಿಂದಿನ ಪ್ರೊಸೆಸರುಗಳನ್ನು ಅದು ಒಪ್ಪುವುದಿಲ್ಲ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳಾದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ವಿದ್ಯಾರ್ಥಿಯ ಮನೆಗೆ ಬರುವ ಗಣಕವು ಎಷ್ಟೋ ವೇಳೆ ಬೆಂಗಳೂರಿನಲ್ಲಿರುವ ಅಣ್ಣನು ಬಳಸಿ ಬಿಟ್ಟದ್ದು, ಇಲ್ಲವೆ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಗಟ್ಟಿಮುಟ್ಟಾಗಿರುವ ಇಂಥ ಯಂತ್ರವನ್ನು ಗುಜರಿಗೆ ಹಾಕಬೇಕೆ?

ಇದಕ್ಕೆ ಉತ್ತರ ಹೇಳುವ ಮುನ್ನ, ಯಂತ್ರ ಬೇರೆ, ಅದನ್ನು ನಡೆಸುವ ವ್ಯವಸ್ಥೆ ಬೇರೆ ಎಂಬುದನ್ನು ತಿಳಿಯತಕ್ಕದ್ದು. ಗುಂಡಿಯನ್ನು ಒತ್ತಿದೊಡನೆ ಎಚ್ಚರಗೊಳ್ಳುವುದು ವಿಂಡೋಸ್ ಅಲ್ಲ. ಮದರ್‌ಬೋರ್ಡಿನ ಮೇಲಿರುವ ಒಂದು ಚಿಕ್ಕ ಚಿಪ್ಪಿನಲ್ಲಿ ತಯಾರಕರೇ ಬರೆದಿಟ್ಟಿರುವ ಕ್ರಮವಿಧಿ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ, ಈಚಿನವುಗಳಲ್ಲಿ ಯುಇಎಫ್ಐ ಎಂದೂ ಹೆಸರು. ಇದು ಸ್ಮೃತಿ, ಕೀಲಿಮಣೆ ಮುಂತಾದವುಗಳನ್ನು ಪರೀಕ್ಷಿಸಿದ ಮೇಲೆ, ಡಿಸ್ಕಿನ ಗೊತ್ತಾದ ಸ್ಥಳದಲ್ಲಿರುವ ಇನ್ನೊಂದು ಪುಟ್ಟ ಕ್ರಮವಿಧಿಯನ್ನು ಹುಡುಕಿ ಅದಕ್ಕೆ ಅಧಿಕಾರವನ್ನು ಒಪ್ಪಿಸುತ್ತದೆ. ಅದು ವ್ಯವಸ್ಥೆಯ ತಿರುಳನ್ನು, ಎಂದರೆ ಕರ್ನೆಲನ್ನು, ಸ್ಮೃತಿಗೆ ತಂದು ನಿಲ್ಲಿಸುತ್ತದೆ. ಹೀಗೆ ಕೈಯಿಂದ ಕೈಗೆ ಅಧಿಕಾರವು ದಾಟುವಾಗ, ನಡುವೆ ನಾವು ಬೇರೊಂದು ಕರ್ನೆಲನ್ನು ತೋರಿಸಿದರೆ ಯಂತ್ರಕ್ಕೆ ಸಾಮಾನ್ಯವಾಗಿ ಆಕ್ಷೇಪಣೆ ಇರುವುದಿಲ್ಲ.

ಅಂಥದೊಂದು ಕರ್ನೆಲನ್ನು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ ಪ್ರಕಟಿಸಿದನು. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಎಂಬ ಯೋಜನೆಯನ್ನು ಸಾರಿದ್ದನು. ಬಳಸಲು, ಒಳಗನ್ನು ಬಿಚ್ಚಿ ಓದಲು, ತಿದ್ದಲು, ಇನ್ನೊಬ್ಬರಿಗೆ ಹಂಚಲು ಎಲ್ಲರಿಗೂ ಹಕ್ಕಿರಬೇಕೆಂಬುದು ಅವನ ನಿಲುವು. ಇಂಗ್ಲಿಷಿನಲ್ಲಿ ಬಿಟ್ಟಿಗೂ ಬಿಡುಗಡೆಗೂ ಒಂದೇ ಶಬ್ದವಿರುವುದರಿಂದ ಅಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬರೆಯಬೇಕಾಯಿತು. ಕನ್ನಡದಲ್ಲಿ ‘ಪುಕ್ಕಟೆ’ ಬೇರೆ, ‘ಸ್ವತಂತ್ರ’ ಬೇರೆ, ನಮಗೆ ಆ ತೊಡಕಿಲ್ಲ. 1992ರಲ್ಲಿ ಟೋರ್ವಾಲ್ಡ್ಸನು ಗ್ನೂ ಯೋಜನೆಯ ಪರವಾನಗಿಯನ್ನೇ ತನ್ನ ಕರ್ನೆಲಿಗೂ ಅನ್ವಯಿಸಿದನು. ಇವೆರಡರ ಸಂಯೋಗವೇ ಲಿನಕ್ಸ್ ಎಂದು ನಾವು ಕರೆಯುವ ವ್ಯವಸ್ಥೆ. ಡೆಬಿಯನ್, ಉಬುಂಟು, ಮಿಂಟ್ ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು.

ಈ ಹಂಚುವ ಹಕ್ಕು ನಮ್ಮ ಕಡೆ ಬರಿಯ ತತ್ತ್ವದ ಮಾತಲ್ಲ. ಮಿಂಟ್ ವ್ಯವಸ್ಥೆಯ ಕಡತವು ಸುಮಾರು 3 ಜಿಬಿ ಗಾತ್ರದ್ದು. ದಿನಕ್ಕೆ ಒಂದೂವರೆ ಜಿಬಿ ದೊರೆಯುವ ಮೊಬೈಲಿನಿಂದ ಇದನ್ನು ಇಳಿಸಿಕೊಳ್ಳಲು ಎರಡು ದಿನದ ಪಾಲು ಪೂರ್ತಿ ಬೇಕು. ಆದರೆ ಕೂಡ್ಲಿಗಿಯಲ್ಲಿ ಒಬ್ಬನು ಇಳಿಸಿದರೆ ಸಾಕು. ಅವನ ಪೆನ್ ಡ್ರೈವ್ ಬಸ್ಸಿನಲ್ಲಿ ಹಡಗಲಿಗೂ ಹೋಗಬಹುದು, ಹರಪನಹಳ್ಳಿಗೂ ಹೋಗಬಹುದು, ಅದರಲ್ಲಿ ಕಳ್ಳತನವೇನೂ ಇಲ್ಲ. ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಹಾಕಿಕೊಡುವ ಕಳ್ಳಪ್ರತಿಯ ವಿಂಡೋಸಿನ ಒಳಗೆ ಯಾರು ಏನನ್ನು ಸೇರಿಸಿದ್ದಾರೆಂದು ಕೊಳ್ಳುವವನಿಗೂ ತಿಳಿಯದು, ಮಾರುವವನಿಗೂ ತಿಳಿಯದು. ಇಲ್ಲಿಯಾದರೋ ಪರೀಕ್ಷಿಸಲು ಒಂದು ಉಪಾಯವಿದೆ. ಪ್ರಕಟಿಸಿದವರು ಕಡತದೊಂದಿಗೆ 64 ಅಂಕಾಕ್ಷರಗಳ ಒಂದು ಮುದ್ರೆಯನ್ನೂ ತಮ್ಮ ತಾಣದಲ್ಲಿ ಕೊಟ್ಟಿರುತ್ತಾರೆ. ನಮ್ಮ ಕೈಗೆ ಬಂದ ಕಡತದಿಂದ ಅದೇ ಗಣಿತವಿಧಾನದಲ್ಲಿ ಮುದ್ರೆಯನ್ನು ತೆಗೆದು ಹೋಲಿಸಬೇಕು. ಮೂರು ಜಿಬಿಯಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸವಾಗಿದ್ದರೂ ಮುದ್ರೆಯು ಗುರುತು ಸಿಗದಷ್ಟು ಬದಲಾಗುತ್ತದೆ.

ಕಡತವನ್ನು ಪೆನ್ ಡ್ರೈವಿಗೆ ಹಾಡುಗಳನ್ನು ತುಂಬುವಂತೆ ನಕಲು ಮಾಡಿದರೆ ನಡೆಯದು. ಮದರ್‌ಬೋರ್ಡಿನ ಚಿಪ್ಪು ಗೊತ್ತಾದ ಸ್ಥಳದಲ್ಲಿ ಹುಡುಕುತ್ತದೆಂದು ಮೇಲೆ ಹೇಳಿದೆಯಷ್ಟೆ. ಆ ಸ್ಥಳಕ್ಕೆ ಸರಿಯಾಗಿ ಎಲ್ಲವನ್ನೂ ಇಡಲು ರೂಫಸ್‌ನಂತಹ ಉಪಕರಣ ಬೇಕು. ಡ್ರೈವಿನಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುತ್ತದೆ. ಬಳಿಕ ಯಂತ್ರವನ್ನು ನಿಲ್ಲಿಸಿ, ಮತ್ತೆ ಆರಂಭಿಸುವಾಗ ಎಫ್ 12 ಅಥವಾ ಆ ಯಂತ್ರಕ್ಕೆ ನಿಗದಿಯಾದ ಕೀಲಿಯನ್ನು ಒತ್ತಿ ಪೆನ್ ಡ್ರೈವನ್ನು ಆರಿಸಿದರೆ, ಲಿನಕ್ಸ್ ಡಿಸ್ಕನ್ನು ಮುಟ್ಟದೆ ಸ್ಮೃತಿಯಲ್ಲಿಯೇ ನಿಂತು ಕೆಲಸಮಾಡುತ್ತದೆ. ಧ್ವನಿ ಬರುತ್ತದೆಯೇ, ವೈಫೈ ಸಿಗುತ್ತದೆಯೇ ಎಂಬುದನ್ನು ಇಲ್ಲಿಯೇ ನೋಡಿಕೊಳ್ಳಬಹುದು. ಒಪ್ಪಿಗೆಯಾಗದಿದ್ದರೆ ಡ್ರೈವನ್ನು ಕಿತ್ತು ಯಂತ್ರವನ್ನು ಮತ್ತೆ ಆರಂಭಿಸಿರಿ. ಎಲ್ಲವೂ ಹಿಂದಿನಂತೆಯೇ ಇರುತ್ತದೆ.

ನಿಜವಾದ ಅಪಾಯವಿರುವುದು ಮುಂದಿನ ಒಂದೇ ಹೆಜ್ಜೆಯಲ್ಲಿ. ಡಿಸ್ಕನ್ನು ಒಂದು ಹೊಲವೆಂದು ಭಾವಿಸೋಣ. ಯಾವ ಹಿಸ್ಸೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸರ್ವೆ ನಕ್ಷೆಯಲ್ಲಿರುವಂತೆ, ಡಿಸ್ಕಿನ ಆರಂಭದಲ್ಲಿ ಒಂದು ವಿಭಾಗಪಟ್ಟಿ ಇರುತ್ತದೆ. ಈಚಿನ ಪದ್ಧತಿಯಲ್ಲಿ ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿಯೂ ಇರುತ್ತದೆ. ಪಟ್ಟಿಯನ್ನು ಅಳಿಸಿದ ಮಾತ್ರಕ್ಕೆ ಬೆಳೆ ನಾಶವಾಗುವುದಿಲ್ಲ, ಬದು ಯಾವುದೆಂದು ಗೊತ್ತಾಗದೆ ಹೋಗುತ್ತದೆ. ಅದರ ಮೇಲೆ ಹೊಸದಾಗಿ ಬರೆದರೆ ಮಾತ್ರ ನೇಗಿಲು ಹೊಡೆದಂತೆ. ಸ್ಥಾಪನೆಯ ವೇಳೆ ‘ವಿಂಡೋಸಿನ ಪಕ್ಕದಲ್ಲಿ ಸ್ಥಾಪಿಸು’, ‘ಡಿಸ್ಕನ್ನು ಪೂರ್ತಿ ಅಳಿಸಿ ಸ್ಥಾಪಿಸು’ ಎಂದು ಎರಡು ಆಯ್ಕೆಗಳು ಬರುತ್ತವೆ. ಎರಡನೆಯದು ನಕ್ಷೆಯನ್ನು ಹರಿದು ಹೊಲವನ್ನು ಉಳುವ ಕೆಲಸ. ಅಕ್ಕನ ಮದುವೆಯ ಚಿತ್ರಗಳು, ಅಪ್ಪನ ಲೆಕ್ಕಪತ್ರಗಳು ಇರುವ ಯಂತ್ರದಲ್ಲಿ ಅವುಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡದೆ ಈ ಹಂತಕ್ಕೆ ಕೈಹಾಕಲೇಬಾರದು. ವಿಂಡೋಸಿನ ವಿಭಾಗವನ್ನು ಕುಗ್ಗಿಸುವ ಕೆಲಸವನ್ನು ಆದಷ್ಟೂ ವಿಂಡೋಸಿನೊಳಗಿನಿಂದಲೇ ಮೊದಲು ಮಾಡಿಕೊಳ್ಳುವುದು ಕ್ಷೇಮ. ಮಿಂಟ್ ವ್ಯವಸ್ಥೆಗೆ ಕನಿಷ್ಠ 20 ಜಿಬಿ ಸ್ಥಳ ಬೇಕು. 100 ಇದ್ದರೆ ಅನುಕೂಲ. 500 ಜಿಬಿ ಎಂದು ಕೊಂಡ ಡಿಸ್ಕು 465 ಎಂದು ತೋರಿದರೆ ಮೋಸವೆಂದು ತಿಳಿಯಬೇಡಿರಿ. ತಯಾರಕನು 10ರ 9ನೆಯ ಘಾತದಿಂದ ಎಣಿಸುತ್ತಾನೆ, ವಿಂಡೋಸ್ 2ರ 30ನೆಯ ಘಾತದಿಂದ ಎಣಿಸುತ್ತದೆ.

ಇನ್ನು ಕರೆಂಟಿನ ವಿಚಾರ. ಅಂಗಡಿಯವರು ದಿನದ ವ್ಯವಹಾರವನ್ನು ಮೊದಲು ರೋಜುಕೀರ್ದಿಯಲ್ಲಿ ಬರೆದು ಅನಂತರ ಖಾತೆಗೆ ಏರಿಸುತ್ತಾರಷ್ಟೆ. ಲಿನಕ್ಸಿನ ಎಕ್ಸ್ಟ್4 ಎಂಬ ಕಡತವಿಧಾನವೂ, ಕಡತಗಳ ಪಟ್ಟಿಯಲ್ಲಿ ಮಾಡಬೇಕಾದ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದು, ಆ ಮೇಲೆ ಸ್ವಸ್ಥಾನದಲ್ಲಿ ಬರೆಯುತ್ತದೆ. ನಡುವೆ ವಿದ್ಯುತ್ತು ನಿಂತರೆ, ಮತ್ತೆ ಎದ್ದಾಗ ದಿನಚರಿಯನ್ನು ನೋಡಿ ಅರ್ಧವಾದದ್ದನ್ನು ಪೂರೈಸುತ್ತದೆ, ಇಲ್ಲವೆ ಬಿಟ್ಟುಬಿಡುತ್ತದೆ. ದಿನನಿತ್ಯದ ಬಳಕೆಯಲ್ಲಿ ಇದು ದೊಡ್ಡ ರಕ್ಷೆ. ಆದರೆ ವಿಭಾಗವನ್ನು ಕುಗ್ಗಿಸುವಾಗ ಹೊಲದ ಬದುವನ್ನೇ ಸರಿಸುತ್ತಿರುತ್ತೇವೆ. ಆಗ ಈ ದಿನಚರಿಯನ್ನು ನಂಬುವಂತಿಲ್ಲ. ಯುಪಿಎಸ್ ಇಲ್ಲದ ಮೇಜುಗಣಕವಾದರೆ ಕರೆಂಟು ನಿಲ್ಲದ ಹೊತ್ತನ್ನು ನೋಡಿಕೊಂಡು ಕೂಡಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಬೇಕು. ಉಳಿದದ್ದು ಅರ್ಧ ಗಂಟೆಯ ಕೆಲಸ, ಭಾಷೆ, ಊರು, ಹೆಸರು, ಗುಪ್ತಪದ ಇಷ್ಟನ್ನೇ ಕೇಳುತ್ತದೆ.

ಭಾಷೆಯಾಗಿ ಕನ್ನಡವನ್ನು ಆರಿಸಬಹುದು. ಸ್ವಯಂಸೇವಕರು ಅನುವಾದಿಸಿದಷ್ಟು ಕನ್ನಡದಲ್ಲಿಯೂ, ಉಳಿದದ್ದು ಇಂಗ್ಲಿಷಿನಲ್ಲಿಯೂ ಕಾಣುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಇದರಲ್ಲಿಯೂ ದೊರೆಯುತ್ತದೆ. ಗುಬ್ಬಿ, ನವಿಲು ಎಂಬ ಸ್ವತಂತ್ರ ಅಕ್ಷರವಿನ್ಯಾಸಗಳೂ ಇವೆ. ಕೊರತೆಗಳನ್ನೂ ಹೇಳಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಗಳಲ್ಲಿ ಬರೆದ ಕಡತಗಳನ್ನು, ಆ ಅಕ್ಷರಗಳನ್ನು ಹಾಕಿಕೊಳ್ಳದೆ ಇಲ್ಲವೆ ಪರಿವರ್ತಿಸದೆ ಓದಲಾಗದು. ವಾಣಿಜ್ಯ ವಿದ್ಯಾರ್ಥಿಗಳಿಗೆ ಬೇಕಾದ ಟ್ಯಾಲಿ ವಿಂಡೋಸಿಗಾಗಿಯೇ ತಯಾರಾದದ್ದು. ಆದುದರಿಂದ ಬಿ.ಕಾಂ. ಓದುವವರು ಎರಡು ವ್ಯವಸ್ಥೆಗಳನ್ನೂ ಇಟ್ಟುಕೊಳ್ಳುವುದೇ ಲೇಸೆಂದು ನನ್ನ ಅಭಿಪ್ರಾಯ.

ಇದೆಲ್ಲ ಪರಿಣತರಿಗೆ ಮಾತ್ರ ಎಂದು ಹಿಂಜರಿಯುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯು ಕ್ರಮೇಣ ಶಾಲೆಗಳ ಗಣಕಗಳನ್ನೆಲ್ಲ ಲಿನಕ್ಸಿಗೆ ತಂದಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಸಂಸ್ಥೆಯಾಗಿ, ಉಬುಂಟುವನ್ನು ಆಧರಿಸಿದ ತನ್ನದೇ ಸಂಕಲನವನ್ನು ಶಾಲೆಗಳಿಗೆ ಕೊಡುತ್ತಿದೆ. ಮಂಜೇಶ್ವರ, ಕುಂಬಳೆಗಳ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಹೈಸ್ಕೂಲಿನಲ್ಲಿ ಇದನ್ನೇ ಕನ್ನಡ ಪಠ್ಯಪುಸ್ತಕದಿಂದ ಕಲಿಯುತ್ತಾರೆ. ಕರ್ನಾಟಕದಲ್ಲಿಯೂ 2010ರ ದಶಕದಲ್ಲಿ ಶಿಕ್ಷಣ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಕೂಡಿ ಪ್ರೌಢಶಾಲೆಯ ಉಪಾಧ್ಯಾಯರಿಗೆ ಉಬುಂಟುವಿನಲ್ಲಿಯೇ ತರಬೇತಿ ಕೊಟ್ಟಿತು.

ಎರಡು ವ್ಯವಸ್ಥೆಗಳನ್ನು ಇಟ್ಟುಕೊಂಡವರಿಗೆ ಕೆಲವೊಮ್ಮೆ ಒಂದು ವಿಚಿತ್ರ ಕಾಣುತ್ತದೆ: ಲಿನಕ್ಸಿನಿಂದ ವಿಂಡೋಸಿಗೆ ಹೋದೊಡನೆ ಗಡಿಯಾರವು ಐದೂವರೆ ಗಂಟೆ ಹಿಂದಿರುತ್ತದೆ. ಮದರ್‌ಬೋರ್ಡಿನ ಮೇಲಿನ ಚಿಕ್ಕ ಕೋಶದ ಬಲದಿಂದ ನಡೆಯುವ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಕಾಲವನ್ನು ಇಡುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ನಮ್ಮ ಕಾಲವನ್ನು ನಿರ್ಣಯಿಸುವುದು 82½ ಡಿಗ್ರಿ ಪೂರ್ವ ರೇಖಾಂಶ. ಡಿಗ್ರಿಗೆ 4 ನಿಮಿಷದಂತೆ 330 ನಿಮಿಷ. ಯಂತ್ರ ಕೆಟ್ಟಿಲ್ಲ. ಗಡಿಯಾರದಲ್ಲಿ ಸ್ಥಳೀಯ ಕಾಲವನ್ನೇ ಇಡುವಂತೆ ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಎರಡರಲ್ಲಿಯೂ ಒಂದೇ ಹೊತ್ತು ಕಾಣುತ್ತದೆ.