ಬೇವಿನ ಮರಕ್ಕೊಂದು ತಂತಿ, ಕಿವಿಯೊಳಗೆ ಧಾರವಾಡ

ವೈರ್ ಇರೋ ಇಯರ್‌ಫೋನ್‌ನಲ್ಲಿ ಕೇಳ್ತಿದ್ರೆ ಆ ವೈರನ್ನೊಮ್ಮೆ ನೋಡಿ. ಫೋನಿನ ಎಫ್‌ಎಂ ರೇಡಿಯೋಗೆ ಅದೇ ಆಂಟೆನಾ. ವಿಜಯಪುರ ಆಕಾಶವಾಣಿಯ 101.8 ಮೆಗಾಹರ್ಟ್ಸ್ ಅಲೆಯ ಉದ್ದ ಹೆಚ್ಚುಕಡಿಮೆ 3 ಮೀಟರ್. ಅದರ ಕಾಲು ಭಾಗ, ಅಂದ್ರೆ ಮುಕ್ಕಾಲು ಮೀಟರ್ ವೈರ್ ಇದ್ರೆ ಸಾಕು. ಆದ್ರೆ ಧಾರವಾಡ ಕೇಂದ್ರ ಬರೋದು ಮೀಡಿಯಂ ವೇವ್‌ನ 765 ಕಿಲೋಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ 392 ಮೀಟರ್! ಕಾಲು ಭಾಗ ಅಂದ್ರೂ 98 ಮೀಟರ್ ತಂತಿ ಬೇಕು.

ಅಷ್ಟೊಂದು ಯಾರು ಕಟ್ತಾರೆ? ಚಿಕ್ಕಪಡಸಲಗಿಯ ತೋಟದಾಗ ನಾನು ಕಟ್ಟಿದ್ದು ಬರೀ 20 ಮೀಟರ್, ಬೇವಿನ ಮರದಿಂದ ಕಂಬದವರೆಗೆ. ತಂತಿ ಮರಕ್ಕೆ ತಾಗದಂಗೆ ಎರಡೂ ತುದಿಗೆ ಪಿವಿಸಿ ಪೈಪಿನ ತುಂಡು. ಕೆಳಗೆ ಬಂದ ತುದಿಯನ್ನ ಪಾಕೆಟ್ ರೇಡಿಯೋ ಸುತ್ತ ಐದಾರು ಸುತ್ತು ಸುತ್ತಿದೆ, ಅಷ್ಟೇ. ಒಳಗಿರೋ ಫೆರೈಟ್ ಕಡ್ಡಿಗೆ ಸಿಗ್ನಲ್ ತಾನಾಗೇ ಇಳಿಯುತ್ತೆ. ಶಾರ್ಟ್‌ವೇವ್ ಆದ್ರೆ ತಂತಿಯನ್ನ ರೇಡಿಯೋದ ಕಡ್ಡಿ ಆಂಟೆನಾಕ್ಕೆ ಸಿಕ್ಕಿಸಿದ್ರಾಯ್ತು. ಹಸಿ ನೆಲಕ್ಕೆ ಅರ್ಥಿಂಗ್ ಕೊಟ್ರೆ ಇನ್ನೂ ಚಲೋ. ಖರ್ಚು ಕಮ್ಮಿ, ಅಳತೆಯ ಚಿಂತೆ ಇಲ್ಲ, ಒಂದೇ ತಂತಿಗೆ ಎಲ್ಲಾ ಬ್ಯಾಂಡೂ ಸಿಗ್ತವೆ.

ತೊಂದರೆ ಏನಂದ್ರೆ, ಈ ತಂತಿಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ. ನಮ್ಮೂರಲ್ಲಿ 1989ರಲ್ಲಿ ರೈತರೇ ದುಡ್ಡು, ಬೆವರು ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ರಲ್ಲ, ಶ್ರಮಬಿಂದು ಸಾಗರ. ನೀರು ನಿಂತ ಮೇಲೆ ಕಬ್ಬು ಬಂತು, ಕಬ್ಬಿನ ಜೊತೆ ಪಂಪ್‌ಸೆಟ್ ಬಂತು. ಸ್ಟಾರ್ಟರ್‌ನ ಕಿಡಿ, ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್, ಇವೆಲ್ಲದರ ಗದ್ದಲವನ್ನೂ ಉದ್ದ ತಂತಿ ಹೀರಿಕೊಳ್ಳುತ್ತೆ. ಬರ್‍ರ್ ಅನ್ನೋ ಸದ್ದಿನಲ್ಲಿ ಧಾರವಾಡ ಮುಳುಗಿಹೋಗುತ್ತೆ. ಹತ್ತಿರದ ಜೋರು ಕೇಂದ್ರ ಇದ್ರೆ ಸಣ್ಣ ರೇಡಿಯೋ ಗೊಂದಲಕ್ಕೆ ಬಿದ್ದು, ಇರಬಾರದ ಜಾಗದಲ್ಲೂ ಅದನ್ನೇ ಕೇಳಿಸುತ್ತೆ.

ಹಂಗಾದ್ರೆ ಯಾಕೆ ಬೇಕು ಅಂತೀರಾ? 2019ರ ಆಗಸ್ಟ್ ನೆನಪು ಮಾಡ್ಕೊಳ್ಳಿ. ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಮನೆಯಲ್ಲಿ ಕರೆಂಟ್ ಇಲ್ಲ, ನನ್ನ ಫೋನ್ ಸತ್ತಿತ್ತು. ನಮಗೆ ಬೇಕಿದ್ದದ್ದು ಒಂದೇ ಸುದ್ದಿ: ಮಹಾರಾಷ್ಟ್ರದ ಘಟ್ಟದಾಗ ಮಳೆ ನಿಂತಿದೆಯಾ, ಮೇಲಿಂದ ಇನ್ನೂ ನೀರು ಬರುತ್ತಾ? ಎರಡು ಸೆಲ್ಲಿನ ರೇಡಿಯೋಗೆ ತಂತಿ ಸುತ್ತಿದೆ. ಸುತ್ತಲಿನ ಪಂಪು, ಬಲ್ಬು ಎಲ್ಲಾ ಆಫ್. ಗದ್ದಲವೇ ಇಲ್ಲ! ಧಾರವಾಡ ಅಷ್ಟು ಸ್ವಚ್ಛ ಕೇಳಿದ್ದು ಅವತ್ತೇ.

ಆದ್ರೆ ಸಿಡಿಲಿನ ವಿಷಯದಲ್ಲಿ ಹುಡುಗಾಟ ಬ್ಯಾಡ್ರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲೇ ತಂತಿ ಬಿಚ್ಚಿ ಮನೆಯಿಂದ ಹೊರಗೆ ಹಾಕಬೇಕು. ಗುಡುಗು ಶುರುವಾದ ಮೇಲೆ ಅದನ್ನ ಮುಟ್ಟಲೇಬೇಡಿ. ಅರ್ಥಿಂಗ್ ಇದೆ ಅನ್ನೋ ಧೈರ್ಯ ಸಾಲಲ್ಲ. ಕರೆಂಟಿನ ಲೈನಿನ ಮೇಲೂ ಕೆಳಗೂ ಹತ್ತಿರದಲ್ಲೂ ಇದನ್ನ ಎಳೀಬಾರದು. ನಾನು ಬೇಸಿಗೆ ಬಂತಂದ್ರೆ ಸುತ್ತಿಟ್ಟು, ಜುಲೈನಾಗ ಮತ್ತೆ ಮರ ಹತ್ತತೀನಿ.