ಹಳೆಯ ಲಾರಿಗಳ ಜೀರ್ಣೋದ್ಧಾರ

ಐವತ್ತು ಅರವತ್ತು ವರ್ಷ ದುಡಿದು ಸವೆದ ಭಾರಿ ಲಾರಿಯನ್ನು ಪೂರ್ತಿ ಬಿಚ್ಚಿ, ತೊಳೆದು, ಸವೆದದ್ದನ್ನು ಸರಿಪಡಿಸಿ, ಮತ್ತೆ ಜೋಡಿಸಿ, ಓಡುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದು ಹಲವು ದೇಶಗಳಲ್ಲಿ ಬೇರುಬಿಟ್ಟ ಹವ್ಯಾಸ. ಬ್ರಿಟನ್ನಿನಲ್ಲಿ ಹಳೆಯ ಸರಕು ವಾಹನಗಳಿಗೆಂದೇ 1958ರಲ್ಲಿ ಸಂಘ ಹುಟ್ಟಿತು. ಆ ಸಂಘ 1962ರಿಂದ ಲಂಡನ್ನಿನಿಂದ ಬ್ರೈಟನ್ನಿಗೆ ಹಳೆಯ ಲಾರಿಗಳ ಓಟ ನಡೆಸುತ್ತ ಬಂದಿದೆ. ಅಮೆರಿಕದ ಲಾರಿ ಇತಿಹಾಸ ಸಂಘ 1971ರದು. ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ, ಮೂವತ್ತು ವರ್ಷ ತುಂಬಿ, ಮೂಲಸ್ವರೂಪ ಉಳಿಸಿಕೊಂಡು, ದಿನನಿತ್ಯದ ಸಾಗಣೆಗೆ ಬಳಕೆಯಾಗದ ವಾಹನವನ್ನು ಐತಿಹಾಸಿಕವೆಂದು ಗಣಿಸುತ್ತದೆ. ಭಾರತದಲ್ಲಿ ಈ ಪ್ರೀತಿ ಹೆಚ್ಚಾಗಿ ಕಾರಿಗೂ ಮೋಟಾರ್ ಸೈಕಲ್ಲಿಗೂ ದಕ್ಕಿದೆ. ಲಾರಿ ಮಾತ್ರ ದುಡಿಯುವವರೆಗೆ ದುಡಿದು ಗುಜರಿಗೆ ಹೋಗುತ್ತದೆ.

ಆದರೆ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ ಮತ್ತು ಕೆ.ಆರ್. ಪೇಟೆ ತಾಲ್ಲೂಕುಗಳಲ್ಲಿ ಲಾರಿಯ ಆಯುಸ್ಸು ಹೆಚ್ಚು; ಅದಕ್ಕೆ ಕಾರಣ ಕಬ್ಬು. ಕೃಷ್ಣರಾಜಸಾಗರದ ನೀರು ನಾಲೆಗಳಲ್ಲಿ ಹರಿದ ಮೇಲೆ ಮಂಡ್ಯದಲ್ಲಿ 1930ರ ದಶಕದ ಆರಂಭದಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ತಲೆಯೆತ್ತಿತು. ಮುಂದೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ, ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಖಾಸಗಿ ಕಾರ್ಖಾನೆ ಬಂದವು. ಕಬ್ಬಿನ ಗದ್ದೆಯಿಂದ ಕಾರ್ಖಾನೆಗೋ ಆಲೆಮನೆಗೋ ಇರುವ ದಾರಿ ಚಿಕ್ಕದು, ಓಟ ನಿಧಾನದ್ದು. ದೂರದ ಊರಿಗೆ ಸರಕು ಒಯ್ಯಲು ಮಾಲೀಕರು ನೆಚ್ಚದ ಲಾರಿಯೂ ಈ ಕೆಲಸಕ್ಕೆ ಸಾಕು. ವರ್ಷದಲ್ಲಿ ಕೆಲವು ತಿಂಗಳು ದುಡಿಮೆ, ಉಳಿದ ತಿಂಗಳು ಹುಣಸೆ ಮರದ ನೆರಳು. ಹಾಗಾಗಿ ಬೇರೆಡೆ ಕಾಣೆಯಾದ ಮಾದರಿಗಳು ಕಬ್ಬಿನ ಸೀಮೆಗಳಲ್ಲಿ ಬಹುಕಾಲ ಬಾಳಿದವು. ಅದೇ ಜಿಲ್ಲೆಯ ನಾಗಮಂಗಲ ಬಹುಪಾಲು ಮಳೆಯಾಶ್ರಿತ ತಾಲ್ಲೂಕು. ಅಲ್ಲಿ ಲಾರಿಯನ್ನು ಸಾಕಿದ್ದು ರಸ್ತೆ. ಬೆಂಗಳೂರು–ಮಂಗಳೂರು ಹೆದ್ದಾರಿಯನ್ನು ಬೆಳ್ಳೂರು ಕ್ರಾಸಿನಲ್ಲಿ ದಾಟುವ ಇನ್ನೊಂದು ಹೆದ್ದಾರಿ ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ.

ಈ ರಸ್ತೆಗಳಲ್ಲಿ ಓಡಿದ ಲಾರಿಗಳ ವಂಶಾವಳಿ ತಿಳಿದಿರುವುದು ಹವ್ಯಾಸಿಗೆ ಅಗತ್ಯ. ಮೊದಲು ಬಂದವು ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದು ಇಲ್ಲಿ ಜೋಡಣೆಯಾದ ಪೆಟ್ರೋಲ್ ಲಾರಿಗಳು. ಫೋರ್ಡ್ 1926ರಿಂದ, ಷೆವರ್ಲೆ ಲಾರಿಗಳ ಜನರಲ್ ಮೋಟಾರ್ಸ್ 1928ರಿಂದ ಭಾರತದಲ್ಲಿ ಜೋಡಣೆ ನಡೆಸಿದವು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಅನಿಲದಿಂದ ಬಸ್ಸು ಲಾರಿಗಳು ಓಡಿದವು. ಯುದ್ಧ ಮುಗಿದಾಗ ಸೈನ್ಯ ಕೈಬಿಟ್ಟ ಷೆವರ್ಲೆ, ಡಾಡ್ಜ್, ಜಿಎಂಸಿ ಗಾಡಿಗಳು ‘ಡಿಸ್ಪೋಸಲ್’ ಲಾರಿಗಳೆಂಬ ಹೆಸರಿನಲ್ಲಿ ಜನರ ಕೈಗೆ ಬಂದವು.

ನಮ್ಮಲ್ಲೇ ಮೋಟಾರು ತಯಾರಾಗಬೇಕೆಂಬ ಕನಸಿಗೆ ಈ ನಾಡಿನ ನಂಟು ಗಾಢವಾಗಿದೆ. ಕೃಷ್ಣರಾಜಸಾಗರ ಕಟ್ಟಿಸಿದ ವಿಶ್ವೇಶ್ವರಯ್ಯನವರೇ 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಓಡಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬ್ರಿಟಿಷ್ ಆಡಳಿತ ಬೆಂಬಲ ಕೊಡಲಿಲ್ಲ. ವಾಲ್‌ಚಂದ್ 1940ರಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. ಮೋಟಾರಿನ ಆಸೆ 1944ರಲ್ಲಿ ಮುಂಬೈಯ ಪ್ರೀಮಿಯರ್ ಕಂಪನಿಯಾಗಿ ಕೈಗೂಡಿತು. ಪ್ರೀಮಿಯರ್ ಕಂಪನಿಯ ಡಾಡ್ಜ್ ಮತ್ತು ಫಾರ್ಗೊ ಲಾರಿಗಳೂ, ಹಿಂದೂಸ್ತಾನ್ ಮೋಟಾರ್ಸ್ ತಯಾರಿಸಿದ ಬೆಡ್‌ಫೋರ್ಡ್‌ಗಳೂ ಒಂದು ತಲೆಮಾರು ಸರಕು ಹೊತ್ತವು. ಪೆಟ್ರೋಲ್ ಎಂಜಿನ್ ಕಿತ್ತು ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂರಿಸುವುದು ಆಗ ಸಾಮಾನ್ಯ. ಆದ್ದರಿಂದ ಇಂದು ಸಿಗುವ ಹಳೆಯ ಡಾಡ್ಜ್ ಒಂದರಲ್ಲಿ ಪರ್ಕಿನ್ಸ್ ಇದ್ದರೆ ಅದನ್ನು ಕಲಬೆರಕೆ ಎಂದು ತಳ್ಳಬೇಕಿಲ್ಲ. ಅದೂ ಆ ಗಾಡಿಯ ಚರಿತ್ರೆಯೇ.

ಹಿರಿಯರು ಇಂದಿಗೂ ‘ಬೆಂಜ್ ಲಾರಿ’ ಎಂದು ನೆನೆಯುವುದು ಟಾಟಾ–ಮರ್ಸಿಡಿಸ್ ಬೆಂಜ್ ಗಾಡಿಯನ್ನು. ಟಾಟಾ ಕಂಪನಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ 1954ರಲ್ಲಿ ಮಾಡಿಕೊಂಡ ಒಪ್ಪಂದ 1969ರವರೆಗೆ ನಡೆಯಿತು. ಆಮೇಲೆ ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರದ ಜಾಗಕ್ಕೆ ಟಾಟಾ ಗುರುತು ಬಂತು. ಮೊದಲ ಗಾಡಿಗಳ ಒಎಂ 312 ಎಂಜಿನ್ 4.58 ಲೀಟರಿನದು, ಆರು ಸಿಲಿಂಡರಿನದು. ಮುಂದಿನ ಟಾಟಾ ಎಂಜಿನ್ನುಗಳ ಹೆಸರಿನಲ್ಲೇ ಅಳತೆ ಅಡಗಿದೆ: 692 ಎಂದರೆ ಆರು ಸಿಲಿಂಡರ್, 92 ಮಿಲಿಮೀಟರ್ ಬೋರ್; 697 ಎಂದರೆ 97 ಮಿಲಿಮೀಟರ್ ಬೋರ್. ಲಾರಿಯ ಹೆಸರೂ ಹಾಗೆಯೇ. 1210ರಲ್ಲಿ 12 ಎಂಬುದು ಭಾರ ಸಹಿತ ಒಟ್ಟು ತೂಕ ಟನ್ನುಗಳಲ್ಲಿ, 10 ಎಂಬುದು ಸುಮಾರು ನೂರು ಅಶ್ವಶಕ್ತಿ. ಇನ್ನೊಂದು ದೊಡ್ಡ ಮನೆತನ ಅಶೋಕ್ ಲೇಲ್ಯಾಂಡ್‌ನದು. ಚೆನ್ನೈ ಬಳಿಯ ಎಣ್ಣೂರಿನಲ್ಲಿ 1948ರಲ್ಲಿ ಅಶೋಕ್ ಮೋಟಾರ್ಸ್ ಎಂದು ಆರಂಭವಾಗಿ 1955ರಲ್ಲಿ ಈ ಹೆಸರು ಪಡೆಯಿತು. ಅದರ ಕಾಮೆಟ್ ಲಾರಿಯ 370 ಎಂಜಿನ್ನಿನ ಅಂಕಿ ಘನ ಅಂಗುಲದ್ದು, ಅಂದರೆ ಸುಮಾರು ಆರು ಲೀಟರ್. ಇವುಗಳ ಜೊತೆಗೆ ಹವ್ಯಾಸಿಗಳು ಹುಡುಕುವ ಮತ್ತೊಂದು ಗಾಡಿ, ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1950ರ ದಶಕದ ಕೊನೆಯಿಂದ ಸೈನ್ಯಕ್ಕಾಗಿ ತಯಾರಾದ ಶಕ್ತಿಮಾನ್. ಅದು ಸಿಗುವುದು ಸೈನ್ಯದ ಹರಾಜಿನಲ್ಲಿ.

ಗಾಡಿ ಕೊಳ್ಳುವ ಮೊದಲು ನೋಡಬೇಕಾದದ್ದು ಬಣ್ಣವನ್ನಲ್ಲ, ಚಾಸಿಯನ್ನು. ಉದ್ದುದ್ದದ ಎರಡು ಉಕ್ಕಿನ ತೊಲೆಗಳು ಬಾಗಿವೆಯೇ, ಕಮಾನ್ ಪಟ್ಟಿಯ ಬ್ರಾಕೆಟ್ಟುಗಳ ಬಳಿ ಬಿರುಕಿದೆಯೇ, ಬೆಸುಗೆ ಹಾಕಿದ ತೇಪೆಗಳು ಎಷ್ಟು ಎಂಬುದು ಮುಖ್ಯ. ಚಾಸಿ ನಂಬರು ಆರ್‌ಸಿ ಪುಸ್ತಕದ ನಂಬರಿಗೆ ತಾಳೆಯಾಗಬೇಕು. ಹಳೆಯ ನೋಂದಣಿಯ ಅಕ್ಷರಗಳೇ ಒಂದು ದಾಖಲೆ: ಮೈಸೂರು ರಾಜ್ಯದ ಕಾಲದ ಸಂಖ್ಯೆಗಳು ಎಂವೈ ಎಂದು ಶುರುವಾಗುತ್ತಿದ್ದವು, ಮಂಡ್ಯಕ್ಕೆ ಕೆಎ 11 ಬಂದದ್ದು ಅನಂತರ, ನಾಗಮಂಗಲದ ಕೆಎ 54 ಇನ್ನೂ ಈಚಿನದು. ಬಿಚ್ಚುವ ಮುನ್ನ ಪ್ರತಿ ಭಾಗದ ಫೋಟೊ ತೆಗೆದು, ಬೋಲ್ಟುಗಳನ್ನು ಜಾಗವಾರು ಡಬ್ಬಿಗಳಲ್ಲಿ ಹೆಸರು ಬರೆದಿಡುವುದು ಬೇಸರದ ಕೆಲಸ. ಆದರೆ ಅರ್ಧಕ್ಕೆ ನಿಂತ ಜೀರ್ಣೋದ್ಧಾರಗಳಲ್ಲಿ ಹೆಚ್ಚಿನವು ನಿಲ್ಲುವುದು ಈ ಬೇಸರವನ್ನು ತಪ್ಪಿಸಿಕೊಂಡದ್ದರಿಂದಲೇ.

ವರ್ಷಗಟ್ಟಲೆ ನಿಂತ ಎಂಜಿನ್ ಜಾಮ್ ಆಗಿರುತ್ತದೆ. ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಸ್ಟಾರ್ಟ್ ಮಾಡಲು ಹೋದರೆ ಪಿಸ್ಟನ್ ರಿಂಗು ಮುರಿಯುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಝಲ್ ಬಿಚ್ಚಿ, ಸಿಲಿಂಡರಿನೊಳಕ್ಕೆ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಬಿಟ್ಟು, ದಿನಗಟ್ಟಲೆ ಕಾದು, ಕ್ರ್ಯಾಂಕನ್ನು ಕೈಯಿಂದಲೇ ಹಿಂದೆ ಮುಂದೆ ಅಲುಗಾಡಿಸಬೇಕು. ತಿರುಗಿದ ಮೇಲೆ ಸಂಪ್ ಇಳಿಸಿ ಬೇರಿಂಗುಗಳನ್ನು ನೋಡಬೇಕು. ಲೈನರ್ ಬದಲಿಸುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸುವುದು, ವಾಲ್ವ್ ಕೂರಿಸುವುದು ಲೇತ್ ಕೆಲಸದವರ ಪಾಲು. ಡೀಸೆಲ್ ಪಂಪಿನ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ, ಈಗಿನ ಬಾಷ್, ದೇಶದ ಲಾರಿಗಳಿಗೆ ಪಂಪು ನಾಝಲುಗಳನ್ನು ಒದಗಿಸಿತು. ಹಳೆಯ ಇನ್‌ಲೈನ್ ಪಂಪನ್ನು ಬೆಂಚಿನ ಮೇಲಿಟ್ಟು ಹದ ಮಾಡಬಲ್ಲ ಕೈಗಳು ಜಿಲ್ಲೆ ಜಿಲ್ಲೆಗಳಲ್ಲಿ ಬೆಳೆದವು. ಮೊದಲ ಬೆಂಜ್ ಎಂಜಿನ್ನುಗಳಲ್ಲಿ ಡೀಸೆಲ್ ಉರಿಯುವುದು ಪುಟ್ಟ ಪೂರ್ವಕೋಣೆಯಲ್ಲಿ. ಅದಕ್ಕೆ ಹೀಟರ್ ಪ್ಲಗ್ಗುಗಳು ಕೆಂಪಗೆ ಕಾಯಬೇಕು. ಒಂದೆರಡು ಪ್ಲಗ್ಗು ಸತ್ತಿದ್ದರೂ ಚಳಿಯ ಬೆಳಗಿನಲ್ಲಿ ಎಂಜಿನ್ ಬಿಳಿ ಹೊಗೆ ಉಗುಳಿ ಸುಮ್ಮನಾಗುತ್ತದೆ. ಟ್ಯಾಂಕಿನ ತಳದ ಕೆಸರು ತೆಗೆಯದೆ, ಫಿಲ್ಟರ್ ಬದಲಿಸದೆ, ಪೈಪುಗಳ ಏರ್ ತೆಗೆಯದೆ ಸೆಲ್ಫ್ ಒತ್ತುವುದು ಬ್ಯಾಟರಿಗೆ ಮಾಡುವ ಅನ್ಯಾಯ.

ಚಕ್ರ ಮತ್ತು ಬ್ರೇಕುಗಳಲ್ಲಿ ಪ್ರಾಣಾಪಾಯವಿದೆ. ಹಳೆಯ ಲಾರಿಯ 20 ಇಂಚಿನ ರಿಮ್ಮು ಒಂದೇ ತುಂಡಲ್ಲ. ಟೈರನ್ನು ಹಿಡಿದಿಡುವುದು ಅಂಚಿನ ಲಾಕ್ ರಿಂಗು. ತುಕ್ಕು ತಿಂದ ರಿಂಗು ಗಾಳಿ ತುಂಬುವಾಗ ಸಿಡಿದರೆ ಎದುರಿಗಿದ್ದವರ ಜೀವ ತೆಗೆಯುತ್ತದೆ. ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದ ಪೈಪಿನಿಂದ, ಪಕ್ಕದಲ್ಲಿ ನಿಂತು ಗಾಳಿ ಹಿಡಿಯಬೇಕು. ರಿಮ್ ಕಳಚುವ ಮುನ್ನ ಗಾಳಿಯನ್ನು ಪೂರ್ತಿ ಬಿಟ್ಟಿರಬೇಕು. ಹಳೆಯ ಬ್ರೇಕ್ ಲೈನರಿನಲ್ಲಿ ಕಲ್ನಾರು ಇರುತ್ತದೆ. ಡ್ರಮ್ ಬಿಚ್ಚಿದಾಗ ಆ ಪುಡಿಯನ್ನು ಗಾಳಿಯಿಂದ ಊದದೆ, ನೀರಿನಲ್ಲಿ ನೆನೆಸಿ ಒರೆಸಿ ತೆಗೆಯಬೇಕು. ಬ್ರೇಕ್ ಪೈಪು, ವಾಷರ್, ರಬ್ಬರ್ ಕಪ್ಪುಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಹೊಸದಾಗಿ ಹಾಕುವುದೇ ಸರಿ. ಮೂಲಭಾಗ ಉಳಿಸುವ ಆಸೆಗೆ ಇಲ್ಲಿ ಜಾಗವಿಲ್ಲ.

ಭಾರತದ ಲಾರಿ ಹೊರದೇಶದ ಲಾರಿಗಿಂತ ಬೇರೆಯಾಗುವುದು ಕ್ಯಾಬಿನ್ನಿನಲ್ಲಿ. ಕಾರ್ಖಾನೆ ಮಾರುತ್ತಿದ್ದದ್ದು ಹೆಚ್ಚಾಗಿ ಚಾಸಿ, ಎಂಜಿನ್, ಬಾನೆಟ್ಟು ಮತ್ತು ಡ್ಯಾಶ್‌ಬೋರ್ಡಿನವರೆಗಿನ ಮುಂಭಾಗ ಮಾತ್ರ. ಹೊಸ ಗಾಡಿಯ ಡ್ರೈವರ್ ತಲೆಗೆ ಬಟ್ಟೆ ಸುತ್ತಿಕೊಂಡು, ಬಯಲಿನಲ್ಲಿ ಕೂತು ಅದನ್ನು ಊರಿಗೆ ತರುತ್ತಿದ್ದ. ಆಮೇಲೆ ಬಾಡಿ ಕಟ್ಟುವ ಬಡಗಿ ಮರದ ಚೌಕಟ್ಟು ಎಬ್ಬಿಸಿ, ತಗಡು ಹೊದಿಸಿ, ಬಾಗಿಲು, ಮಲಗುವ ಹಲಗೆ, ಹಿಂದಿನ ತೊಟ್ಟಿ ಎಲ್ಲವನ್ನೂ ಮಾಡುತ್ತಿದ್ದ. ಕಮ್ಮಾರ ಕೊಂಡಿ, ಅಗುಳಿ, ಸರಪಳಿ ಬಡಿದು ಕೊಡುತ್ತಿದ್ದ. ಪೇಂಟರ್ ನೆತ್ತಿಯ ಮೇಲೆ ಮನೆದೇವರ ಹೆಸರು, ಬಾಗಿಲ ಮೇಲೆ ಮಾಲೀಕನ ಹೆಸರು, ಹಿಂದೆ ‘ಸೌಂಡ್ ಹಾರ್ನ್’ ಬರೆಯುತ್ತಿದ್ದ. ಹೀಗಾಗಿ ಒಂದು ಹಳೆಯ ಬೆಂಜ್ ಲಾರಿಯಲ್ಲಿ ಜರ್ಮನಿಯ ವಿನ್ಯಾಸ, ಜಮ್‌ಷೆಡ್‌ಪುರದ ಉಕ್ಕು ಮತ್ತು ಸ್ಥಳೀಯ ಬಡಗಿಯ ಕೈ ಮೂರೂ ಸೇರಿವೆ. ಯುರೋಪಿನ ಕೈಪಿಡಿ ನೋಡಿ ಅಲ್ಲಿನ ತಗಡಿನ ಕ್ಯಾಬಿನ್ ತಂದು ಕೂರಿಸಿದರೆ ಇಲ್ಲಿನ ಲಾರಿ ಅಳಿಸಿಹೋಗುತ್ತದೆ. ದೇವಸ್ಥಾನದ ಜೀರ್ಣೋದ್ಧಾರದಲ್ಲಿ ಗಟ್ಟಿಯಿರುವ ಕಲ್ಲನ್ನು ಉಳಿಸಿ, ಮುರಿದ ಜಾಗಕ್ಕೆ ಮಾತ್ರ ಹೊಸದು ಹಾಕುವಂತೆ ಇಲ್ಲಿಯೂ ನಡೆಯಬೇಕು: ಗೆದ್ದಲು ತಿಂದ ಕಂಬವನ್ನಷ್ಟೇ ಬದಲಿಸಿ, ಹಳೆಯ ಕೀಲು, ಹಳೆಯ ಜೋಡಣೆ ಉಳಿಸಬೇಕು. ಬಣ್ಣವನ್ನು ಪೂರ್ತಿ ಕೆರೆಯುವ ಮೊದಲು ಒಂದು ಮೂಲೆಯಲ್ಲಿ ಪದರ ಪದರವಾಗಿ ಉಜ್ಜಿದರೆ ಕೆಳಗಿನ ಹಳೆಯ ಅಕ್ಷರಗಳು ಕಾಣುತ್ತವೆ. ಅವನ್ನು ನಕಲು ಮಾಡಿಟ್ಟುಕೊಂಡು ಅದೇ ಲಿಪಿಯಲ್ಲಿ ಕೈಯಿಂದಲೇ ಬರೆಸಬೇಕು. ಅಂಟಿಸುವ ಸ್ಟಿಕ್ಕರ್ ಬೇಡ. ಎರಕದ ಕೆಲಸ ಬಿದ್ದಾಗ, ಅಂದರೆ ಅಂಗಡಿಯಲ್ಲಿ ಸಿಗದ ಕಂಚಿನ ಬುಷ್ ಬೇಕಾದಾಗ, ಹಿತ್ತಾಳೆ–ಕಂಚಿನ ಕೆಲಸಕ್ಕೆ ಹಿಂದಿನಿಂದ ಹೆಸರಾದ ನಾಗಮಂಗಲ ನೆನಪಾಗುತ್ತದೆ.

ಕಾನೂನಿನ ಕಡೆ ದಾರಿ ಅಷ್ಟು ಸಲೀಸಲ್ಲ. ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಆ ವಾಹನಗಳ ಸಂಖ್ಯೆಯಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಆದರೆ ಈ ನಿಯಮ ಹೆಸರಿಸುವುದು ದ್ವಿಚಕ್ರ ವಾಹನ ಮತ್ತು ಕಾರುಗಳ ವರ್ಗಗಳನ್ನಷ್ಟೇ; ಸರಕು ಲಾರಿ ಅದರೊಳಗಿಲ್ಲ. ಆದ್ದರಿಂದ ಹವ್ಯಾಸದ ಲಾರಿಯೂ ಬಾಡಿಗೆ ಲಾರಿಯಂತೆಯೇ ಅರ್ಹತಾ ಪತ್ರ, ವಿಮೆ, ತೆರಿಗೆಗಳ ಹೊರೆ ಹೊರಬೇಕು, ಹದಿನೈದು ವರ್ಷ ದಾಟಿದ ಗಾಡಿಗಳಿಗೆ ಏರಿರುವ ಶುಲ್ಕವನ್ನೂ ತೆರಬೇಕು. ಇದು ಸರಿಯಾಗಬೇಕಾದ ಲೋಪ. ಮೈಸೂರಿನಲ್ಲಿ ರೈಲು ಎಂಜಿನ್ನುಗಳಿಗೆ 1979ರಲ್ಲೇ ವಸ್ತುಸಂಗ್ರಹಾಲಯ ಬಂತು. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ, ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳ ‘ಪಯಣ’ 2023ರಲ್ಲಿ ತೆರೆಯಿತು. ನಾಡಿನ ಕಬ್ಬು, ಬೆಲ್ಲ, ಭತ್ತ ಹೊತ್ತ ಲಾರಿಗೂ ಅಂಥ ಸೂರು ಸಲ್ಲಬೇಕು. ಹರಿಯಾಣದ ತಾವಡೂ ಬಳಿಯ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಎತ್ತಿನ ಗಾಡಿಯಿಂದ ವಿಮಾನದವರೆಗೆ ಎಲ್ಲವನ್ನೂ ಒಟ್ಟಿಗೆ ಇಟ್ಟಿರುವುದು ಇದಕ್ಕೆ ಮಾದರಿ.

ಕೆಲಸ ಮುಗಿದ ಲಾರಿಯನ್ನು ಕಾಯುವುದು ವರ್ಷಪೂರ್ತಿಯ ಕೆಲಸ. ನಾಲೆಯ ಸೀಮೆಯ ತೇವ ಉಕ್ಕಿಗೂ ಮರಕ್ಕೂ ಶತ್ರು. ಮಣ್ಣಿನ ನೆಲದ ಕೊಟ್ಟಿಗೆಗಿಂತ ಸಿಮೆಂಟಿನ ನೆಲ, ನಾಲ್ಕೂ ಕಡೆ ಗಾಳಿಯಾಡುವ ಶೆಡ್ ಲೇಸು. ತಿಂಗಳಿಗೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಬೇಕು. ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಎಣ್ಣೆಯಲ್ಲಿ ನೀರು ಕೂಡಿ ಕೆಡುಕೇ ಹೆಚ್ಚು. ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಟೈರಿನ ಭಾರ ಇಳಿಸುವುದು, ಬ್ಯಾಟರಿ ತಂತಿ ಕಳಚುವುದು, ಟ್ಯಾಂಕ್ ತುಂಬಿಸಿಡುವುದು, ಕಮಾನ್ ಪಟ್ಟಿಯ ಪಿನ್ನುಗಳಿಗೂ ಕಿಂಗ್‌ಪಿನ್ನಿಗೂ ಗ್ರೀಸ್ ಹೊಡೆಯುವುದು, ವೈರಿಂಗ್ ಕಡಿಯುವ ಇಲಿಗಳನ್ನು ದೂರವಿಡುವುದು ವಾಡಿಕೆಯಾಗಬೇಕು.

ಓಡಿಸುವುದೂ ಕಲಿಯಬೇಕಾದ ವಿದ್ಯೆ. ಇಂಥ ಹಳೆಯ ಲಾರಿಗಳ ಅನೇಕ ಗೇರ್ ಬಾಕ್ಸುಗಳಿಗೆ ಸಿಂಕ್ರೊಮೆಶ್ ಇಲ್ಲ. ಡಬಲ್ ಕ್ಲಚ್ ಹಾಕಿ, ಎಂಜಿನ್ನಿನ ಸದ್ದು ಕೇಳಿ ಗೇರ್ ಬದಲಿಸಬೇಕು. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯನ್ನು ನಿಂತಲ್ಲೇ ತಿರುಗಿಸಲು ಹೋದರೆ ತೋಳೂ ನೋಯುತ್ತದೆ, ಸ್ಟಿಯರಿಂಗ್ ಬಾಕ್ಸೂ ಸವೆಯುತ್ತದೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ವೇಗಕ್ಕೆ ಇವು ಹೊಂದುವುದಿಲ್ಲ. ಸರ್ವಿಸ್ ರಸ್ತೆಯೋ, ಪಾಂಡವಪುರದಿಂದ ನಾಗಮಂಗಲದ ಕಡೆಯ ರಸ್ತೆಯೋ ಇವಕ್ಕೆ ತಕ್ಕದ್ದು. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕು, ಮುಂದಿನ ವಾಹನದಿಂದ ಇಂದಿನ ಲಾರಿಗಳು ಬಿಡುವುದಕ್ಕಿಂತ ಹೆಚ್ಚು ಅಂತರ ಬಿಡಬೇಕು. ಬ್ರೇಕಿನ ಗಾಳಿಯ ಅಥವಾ ವ್ಯಾಕ್ಯೂಮಿನ ಮುಳ್ಳು ಸರಿಯಾದ ಗುರುತಿಗೆ ಏರುವವರೆಗೆ ಗಾಡಿಯನ್ನು ಶೆಡ್ಡಿನಿಂದ ಹೊರತೆಗೆಯಬಾರದು.