ತೋಟದ ಕ್ಯಾಬಿನ್‌ನಲ್ಲಿ ಅಲಾರಂ ಕೂಗಿದರೆ ಬ್ಯಾಟರಿ ಕೀಳಬೇಡಿ

ಹೋದ ಮಳೆಗಾಲ. ನಮ್ಮ ತೋಟದ ತಗಡಿನ ಕ್ಯಾಬಿನ್‌ನಲ್ಲಿ ರಾತ್ರಿ ಎರಡು ಗಂಟೆಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿತು. 'ಬ್ಯಾಟರಿ ಮುಗಿದಿರಬೇಕು' ಅಂತ ಅದನ್ನು ಕಿತ್ತಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ತಲೆ ಸಿಡಿಯುತ್ತಿತ್ತು, ವಾಂತಿ ಬರೋ ಹಾಗಿತ್ತು. ಮಳೆಗೆ ನೆನೆಯದಿರಲಿ ಅಂತ ಜನರೇಟರನ್ನು ಕಿಟಕಿ ಕೆಳಗೇ ಇಟ್ಟಿದ್ದೆ. ನಡುರಾತ್ರಿ ಪೆಟ್ರೋಲ್ ಮುಗಿದು ಅದು ನಿಂತಿತು, ನಾನು ಉಳಿದೆ.

ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಅದಕ್ಕೇ ಎರಡಕ್ಕೂ ಅಲಾರಂ ಬೇಕು.

ಸದ್ದು ಗಮನಿಸಿ
ಸಾಮಾನ್ಯವಾಗಿ ನಾಲ್ಕು ಬೀಪ್, ಸ್ವಲ್ಪ ಬಿಡುವು, ಮತ್ತೆ ನಾಲ್ಕು ಬೀಪ್ ಬಂದರೆ ಕಾರ್ಬನ್ ಮಾನಾಕ್ಸೈಡ್ ಇದೆ ಅಂತ. ಅರ್ಧ ಅಥವಾ ಒಂದು ನಿಮಿಷಕ್ಕೊಮ್ಮೆ ಒಂದೇ 'ಚಿಕ್' ಅಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಅಲಾರಂನ ಆಯಸ್ಸು ಮುಗಿದಿದೆ. ಹಿಂಬದಿಯ ತಾರೀಕು ನೋಡಿ. ಕಂಪನಿಯಿಂದ ಕಂಪನಿಗೆ ಸದ್ದು ಬೇರೆ, ಕೈಪಿಡಿಯ ಫೋಟೋ ಮೊಬೈಲ್‌ನಲ್ಲಿ ಇಟ್ಕೊಳ್ಳಿ.

ಕೂಗಿದ ತಕ್ಷಣ
ಎಲ್ಲರೂ ಹೊರಗೆ ಬನ್ನಿ. ಗ್ಯಾಸ್ ಅಲಾರಂ ಆದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಕೈಗೆ ಸಿಕ್ಕರೆ ರೆಗ್ಯುಲೇಟರ್ ಬಂದ್ ಮಾಡಿ. ದೂರ ಹೋಗಿ 1906ಕ್ಕೆ ಫೋನ್ ಮಾಡಿ. ತಲೆನೋವು, ತಲೆಸುತ್ತು ಇದ್ದರೆ 108. ಬಾಗಿಲು ತೆಗೆದ ಮೇಲೆ ಅಲಾರಂ ಸುಮ್ಮನಾದರೆ ಸಮಸ್ಯೆ ಮುಗೀತು ಅಂತಲ್ಲ. ಮೂಲ ಸಿಗೋವರೆಗೆ ಒಳಗೆ ಮಲಗಬೇಡಿ.

ಮೂಲ ಎಲ್ಲಿ?
• ಜನರೇಟರ್: ಬಾಗಿಲು, ಕಿಟಕಿಯಿಂದ ಕನಿಷ್ಠ 20 ಅಡಿ ದೂರ ಇರಲಿ, ಹೊಗೆ ಆಚೆ ಮುಖವಾಗಿರಲಿ.
• ಇದ್ದಿಲಿನ ಅಗ್ಗಿಷ್ಟಿಕೆ: ಚಳಿಗೆ ಅಂತ ಒಳಗಿಟ್ಟು ಮಲಗಲೇಬೇಡಿ.
• ಗ್ಯಾಸ್ ಪೈಪು: ಕೋಣೆಗೆ ಚೆನ್ನಾಗಿ ಗಾಳಿ ಆಡಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ಸೋರಿಕೆ. ಬೆಂಕಿಕಡ್ಡಿ ಗೀರಿ ನೋಡೋ ಹುಚ್ಚಾಟ ಬೇಡ.
• ಸೋಲಾರ್ ಬ್ಯಾಟರಿ: ನೀರು ಹಾಕುವ ಬ್ಯಾಟರಿ ಅತಿಯಾಗಿ ಚಾರ್ಜ್ ಆದರೆ ಹೈಡ್ರೋಜನ್ ಬಿಡುತ್ತೆ. ಅದಕ್ಕೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಬಹುದು. ಇದನ್ನು 'ಸುಳ್ಳು ಅಲಾರಂ' ಅನ್ನಬೇಡಿ, ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತೆ. ಬ್ಯಾಟರಿಯನ್ನು ಗಾಳಿಯಾಡುವ ಕಡೆಗೆ ಸಾಗಿಸಿ.
• ಪೇಂಟ್ ಥಿನ್ನರ್, ಸ್ಪ್ರೇ ಡಬ್ಬಿ: ಇವುಗಳ ಆವಿಗೂ ಗ್ಯಾಸ್ ಅಲಾರಂ ಕೂಗುತ್ತೆ. ಆದರೂ ಮೊದಲು ಪೈಪು ನೋಡಿ.

ಎಲ್ಲಿ ಹಾಕಬೇಕು?
ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತೆ. ಆ ಅಲಾರಂ ನೆಲದಿಂದ ಒಂದಡಿ ಮೇಲಿರಲಿ. ಕಾರ್ಬನ್ ಮಾನಾಕ್ಸೈಡ್ ಗಾಳಿಯಲ್ಲಿ ಬೆರೆಯುತ್ತೆ. ಅದರ ಅಲಾರಂ ಮಲಗುವ ಜಾಗದ ಹತ್ತಿರ ಇರಲಿ.

ಇವತ್ತು ಸಂಜೆ ತೋಟಕ್ಕೆ ಹೋದಾಗ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ.